ಪ್ರೊಜೆಕ್ಟರ್ ಬಿಚ್ಚಿ ಪ್ರಿಂಟರ್ ಕಟ್ಟಿದವರು

ಫಿಲ್ಮಿನಲ್ಲಿ ತೆಗೆದ ದೃಶ್ಯವೊಂದು ತೆರೆಯನ್ನು ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಸಲ ಬೆಳಕಿಗೆ ಒಡ್ಡಿಕೊಂಡಿರುತ್ತದೆ. ಮೊದಲನೆಯದು ಕ್ಯಾಮೆರಾದೊಳಗೆ ನಡೆಯುವಂಥದ್ದು. ಅದರ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಎರಡನೆಯದು ಲ್ಯಾಬಿನ ಪ್ರಿಂಟಿಂಗ್ ಕೋಣೆಯಲ್ಲಿ, ತೊಳೆದು ಒಣಗಿಸಿದ ನೆಗೆಟಿವ್ ಮತ್ತು ಇನ್ನೂ ಬೆಳಕು ಕಾಣದ ಪಾಸಿಟಿವ್ ಎರಡೂ ಮೈಗೆ ಮೈ ತಾಗಿಸಿಕೊಂಡು ಸಣ್ಣ ಕಿಂಡಿಯೊಂದರ ಮುಂದೆ ಹಾದುಹೋಗುವಾಗ ನಡೆಯುತ್ತದೆ. ಕನ್ನಡ ಚಿತ್ರಗಳ ಪ್ರಿಂಟುಗಳು ಬಹುಪಾಲು ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ನಾನು ಅಲ್ಲಿನ ಒಂದು ಲ್ಯಾಬಿನ ಪ್ರಿಂಟಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನು. ರಶ್ ಪ್ರಿಂಟ್ (ಸಂಕಲನಕ್ಕೆ ಮುಂಚಿನದು), ಡೂಪ್ ನೆಗೆಟಿವ್ (ನೆಗೆಟಿವ್‌ನ ನಕಲು), ಮ್ಯಾರೀಡ್ ಪ್ರಿಂಟ್ (ಚಿತ್ರವೂ ಧ್ವನಿಯೂ ಸೇರಿದ್ದು) ಎಂದು ದಿನವಿಡೀ ಫಿಲ್ಮ್ ಓಡುತ್ತಿದ್ದ ಆ ಕೋಣೆಯಲ್ಲಿ ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮ ಒಂದೇ ಆಗಿತ್ತು: ಪ್ರಿಂಟಿನಲ್ಲಿ ಪ್ರಿಂಟರಿನ ಗುರುತು ಕಾಣಬಾರದು. ಧೂಳು, ಗೀರು, ಚಿತ್ರದ ಅಲುಗಾಟ, ಅಂಚಿನಲ್ಲಿ ಇಣುಕುವ ರಂಧ್ರ, ಇವೆಲ್ಲವೂ ದೋಷಗಳು. ಹಾಗಾಗಿ, ಈ ದೋಷಗಳನ್ನೇ ಚಿತ್ರದ ಒಡಲಾಗಿ ಮಾಡಿಕೊಂಡ ಕೆಲವು ಪ್ರಯೋಗಶೀಲ ಚಿತ್ರಗಳನ್ನು ಬಹಳ ತಡವಾಗಿ ನೋಡಿದಾಗ, ಅವುಗಳನ್ನು ಮುದ್ರಿಸಿದ ಯಂತ್ರಗಳು ಯಾವುವು, ಯಾರು ಕಟ್ಟಿದ್ದು, ಹೇಗೆ ಕಟ್ಟಿದ್ದು ಎಂದು ತಿಳಿಯುವ ಹಂಬಲ ನನ್ನನ್ನು ಬಿಡಲಿಲ್ಲ.

ಲ್ಯಾಬಿನ ಪ್ರಿಂಟರನ್ನು ಬರಿಯ ನಕಲು ಯಂತ್ರವೆಂದು ಭಾವಿಸುವವರೇ ಹೆಚ್ಚು. ಆದರೆ ಒಂದು ಶಾಟ್ ಎಷ್ಟು ಕಪ್ಪಾಗಿರಬೇಕು, ಮುಖದ ಮೇಲೆ ಎಷ್ಟು ಬೆಳಕಿರಬೇಕು, ಸಂಜೆ ಕೆಂಪಾಗಬೇಕೋ ನೀಲಿಯಾಗಬೇಕೋ ಎಂಬುದು ಕೊನೆಗೆ ತೀರ್ಮಾನವಾಗುವುದು ಅಲ್ಲಿಯೇ. ಪ್ರಿಂಟರಿನ ದೀಪದ ತೀವ್ರತೆಯನ್ನು 1ರಿಂದ 50ರವರೆಗಿನ ಪಾಯಿಂಟುಗಳಲ್ಲಿ ಅಳೆಯುತ್ತಾರೆ. ಬಣ್ಣದ ಪ್ರಿಂಟಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ನೆಗೆಟಿವ್‌ನಿಂದ ಪಾಸಿಟಿವ್ ಮಾಡುವಾಗ ದೀಪ ಹೆಚ್ಚಿದಷ್ಟೂ ಚಿತ್ರ ಕಪ್ಪಾಗುತ್ತದೆ. ಆದ್ದರಿಂದ ನಾಯಕಿಯ ಮುಖ ಮಂಕಾಗಿದೆ ಎಂದು ಛಾಯಾಗ್ರಾಹಕರು ದೂರಿದರೆ ಈ ಪಾಯಿಂಟುಗಳನ್ನು ನಿರ್ಧರಿಸುವ ಗ್ರೇಡರ್ ಅವನ್ನು ಇಳಿಸುತ್ತಿದ್ದರು. ಈ ತೀರ್ಮಾನಗಳು ಚಿತ್ರ ಮಾಡಿದವನ ಕೈಯಿಂದ ಜಾರಿ, ಬಾಗಿಲು ಮುಚ್ಚಿದ ಕೋಣೆಯೊಂದಕ್ಕೆ ಸೇರಿಹೋದದ್ದೇ ಉದ್ಯಮದ ಬೆಳವಣಿಗೆಯ ಕಥೆ. ತಮ್ಮ ಪ್ರಿಂಟರನ್ನು ತಾವೇ ಕಟ್ಟಿಕೊಂಡವರು ಆ ಬಾಗಿಲನ್ನು ತೆರೆದರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಅದು.

ಆರಂಭದಲ್ಲಿ ಆ ಬಾಗಿಲೇ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಲೂಮಿಯೆರ್ ಸಹೋದರರು 1895ರಲ್ಲಿ ಹೊರತಂದ ಸಿನಿಮಾಟೋಗ್ರಾಫ್ ಎಂಬ ಮರದ ಪೆಟ್ಟಿಗೆ ಕ್ಯಾಮೆರಾವೂ ಹೌದು, ಪ್ರೊಜೆಕ್ಟರೂ ಹೌದು, ಪ್ರಿಂಟರೂ ಹೌದು. ಹಗಲು ಚಿತ್ರ ತೆಗೆದು, ಫಿಲ್ಮನ್ನು ತೊಳೆದು, ಅದನ್ನು ಕಚ್ಚಾ ಫಿಲ್ಮಿನೊಂದಿಗೆ ಜೋಡಿಸಿ ಅದೇ ಪೆಟ್ಟಿಗೆಗೆ ಪುನಃ ತುಂಬಿ, ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆಗೆ ಮುಖಮಾಡಿ ಹಿಡಿ ತಿರುಗಿಸಿದರೆ ಪ್ರಿಂಟ್ ಸಿದ್ಧವಾಗುತ್ತಿತ್ತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನ ಕೊಟ್ಟದ್ದು ಇದೇ ಯಂತ್ರ. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಲಂಡನ್ನಿಗೆ ಹೋದಾಗ ವಿಲಿಯಮ್ಸನ್ ಕ್ಯಾಮೆರಾದ ಜೊತೆಗೆ ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಪ್ರಿಂಟಿಂಗ್ ಯಂತ್ರವನ್ನೂ ಕೊಂಡುತಂದರು. ದಾದರಿನ ಮನೆಯಲ್ಲಿ ಪತ್ನಿ ಸರಸ್ವತಿಬಾಯಿಯವರ ನೆರವಿನಿಂದ ಆ ಕೆಲಸಗಳು ಮನೆಮಂದಿಯ ಕೈಯಲ್ಲೇ ನಡೆದವು. ಭಾರತೀಯ ಚಿತ್ರರಂಗದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರವನ್ನು ಒಂದು ಸಂಸಾರ ತನ್ನ ಮನೆಯಲ್ಲಿ ಮುದ್ರಿಸಿಕೊಂಡಿತೆಂಬ ಸಂಗತಿ, 1913ರ ಮೇ ತಿಂಗಳ ಅದರ ಬಿಡುಗಡೆಯಷ್ಟೇ ದೊಡ್ಡದೆಂದು ನಾನು ನಂಬಿದ್ದೇನೆ.

ಮುಂದೆ ಚಿತ್ರ ತೆಗೆಯುವುದು, ಮುದ್ರಿಸುವುದು, ತೋರಿಸುವುದು ಎಂಬ ಈ ಮೂರು ಕೆಲಸಗಳು ಮೂರು ಉದ್ಯಮಗಳಾದವು. ಅವನ್ನು ಮತ್ತೆ ಒಂದೇ ಸೂರಿನಡಿ ತಂದವರಲ್ಲಿ 1966ರ ಅಕ್ಟೋಬರಿನಲ್ಲಿ ಆರಂಭವಾದ ಲಂಡನ್ ಫಿಲ್ಮ್-ಮೇಕರ್ಸ್ ಕೋಆಪರೇಟಿವ್ ಮುಖ್ಯವಾದುದು. 1962ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದ ಸಹಕಾರ ಸಂಘ ಚಿತ್ರಗಳನ್ನು ಹಂಚುವುದಕ್ಕಷ್ಟೇ ಸೀಮಿತವಾಗಿತ್ತು. ಲಂಡನ್ನಿನವರು ಚಿತ್ರ ತೆಗೆಯುವುದು, ತೊಳೆಯುವುದು, ಮುದ್ರಿಸುವುದು, ತೋರಿಸುವುದು, ಹಂಚುವುದು ಎಲ್ಲವೂ ಸದಸ್ಯರ ಕೈಯಲ್ಲೇ ಇರಬೇಕೆಂದು ಹಟ ಹಿಡಿದರು. ಈ ಹಟದ ಹಿಂದಿದ್ದ ಮುಖ್ಯ ವ್ಯಕ್ತಿ ಮಾಲ್ಕಂ ಲೆ ಗ್ರೀಸ್. ಚಿತ್ರಕಲೆಯಿಂದ ಬಂದವರು, ಲಂಡನ್ನಿನ ಕಲಾಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುವ ಕಲಾವಿದ ತನ್ನ ಚಿತ್ರದ ಕೊನೆಯ ಹಂತವನ್ನು ಬೇರೊಬ್ಬರಿಗೆ ಒಪ್ಪಿಸಿ ಮನೆಗೆ ಹೋಗುವುದಿಲ್ಲ. ಫಿಲ್ಮಿನವನು ಮಾತ್ರ ಯಾಕೆ ಹೋಗಬೇಕೆಂಬ ಪ್ರಶ್ನೆ ಅಂಥ ಹಿನ್ನೆಲೆಯವರಿಗೆ ಸಹಜವಾಗಿಯೇ ಏಳುತ್ತದೆ. ಹಣದ ಕಾರಣವೂ ಇತ್ತು. ವ್ಯಾಪಾರೀ ಲ್ಯಾಬಿನಲ್ಲಿ ಒಂದು ತುಂಡನ್ನು ಹತ್ತು ಬಗೆಯಲ್ಲಿ ಮುದ್ರಿಸಿ ನೋಡುವುದು ಯಾವ ಕಲಾವಿದನಿಗೂ ಎಟುಕುವ ವೆಚ್ಚವಾಗಿರಲಿಲ್ಲ. ಹಾಗೆ ಮಾಡಿಕೊಡಿ ಎಂದು ಕೇಳಿದರೆ ಲ್ಯಾಬಿನವರು ಒಪ್ಪುವುದೂ ಕಷ್ಟ. ಹಾಗೆ ಕೇಳಿಕೊಂಡು ಬಂದ ಒಬ್ಬ ಯುವಕನಿಗೆ ನಮ್ಮ ಕೋಣೆಯಲ್ಲಿ ಯಾವ ಉತ್ತರ ಸಿಕ್ಕಿತ್ತೆಂಬುದು ನನಗೆ ನೆನಪಿದೆ: ಯಂತ್ರ ನಿಲ್ಲಿಸಲು ಬಿಡುವಿಲ್ಲ.

ಲೆ ಗ್ರೀಸ್ ಪ್ರೊಜೆಕ್ಟರೊಂದನ್ನು ಮಾರ್ಪಡಿಸಿ ಪ್ರಿಂಟರ್ ಮಾಡಿಕೊಂಡರು, ಫಿಲ್ಮ್ ತೊಳೆಯುವ ಉಪಕರಣವನ್ನೂ ಕೈಯಾರೆ ಕಟ್ಟಿಕೊಂಡರು. ಆ ಕಾಲದ ಅವರ ‘ಲಿಟಲ್ ಡಾಗ್ ಫಾರ್ ರೋಜರ್’ (1967) ಎಂಬ ಚಿತ್ರವನ್ನು ನೋಡಿದರೆ ಮನೆಯ ಪ್ರಿಂಟರ್ ಎಂದರೇನೆಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಅವರ ತಂದೆ ಹಿಂದೊಮ್ಮೆ 9.5 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದ ಮನೆಯ ಚಿತ್ರದ ತುಣುಕುಗಳು ಅದರ ಮೂಲ: ತಾಯಿ, ಮಗ, ಓಡಾಡುವ ನಾಯಿ. ಪಾಥೆ ಕಂಪನಿ 1922ರಲ್ಲಿ ತಂದ ಈ ಅಳತೆಯ ಫಿಲ್ಮಿಗೆ ರಂಧ್ರಗಳು ಅಂಚಿನಲ್ಲಿರುವುದಿಲ್ಲ. ಎರಡು ಫ್ರೇಮುಗಳ ನಡುವೆ, ನಟ್ಟನಡುವೆ, ಒಂದೊಂದು ರಂಧ್ರವಿರುತ್ತದೆ. ಅದನ್ನು 16 ಎಂಎಂ ಕಚ್ಚಾ ಫಿಲ್ಮಿನ ಮೇಲೆ ಇಟ್ಟು ಮುದ್ರಿಸಿದಾಗ ಎರಡರ ಲೆಕ್ಕ ಹೊಂದುವುದಿಲ್ಲ, ಹೊಂದಿಸುವ ಉದ್ದೇಶವೂ ಇರಲಿಲ್ಲ. ತೆರೆಯ ಮೇಲೆ ಫಿಲ್ಮ್ ಪಟ್ಟಿಯೇ ಜಾರುತ್ತದೆ, ನಡುವಣ ರಂಧ್ರ ಬಿಳಿಯಾಗಿ ಹೊಳೆದು ಹೋಗುತ್ತದೆ, ನಾಯಿ ಒಮ್ಮೆ ನಿಂತು ಒಮ್ಮೆ ಚಿಮ್ಮುತ್ತದೆ. ತಂದೆ ತೆಗೆದ ಚಿತ್ರವನ್ನು ಮಗ ತೋರಿಸುತ್ತಿದ್ದಾನೆ ಎಂಬುದಕ್ಕಿಂತಲೂ, ತಂದೆ ತೆಗೆದ ಫಿಲ್ಮನ್ನು ಮಗ ಕೈಯಲ್ಲಿ ಹಿಡಿದಿದ್ದಾನೆ ಎಂಬುದು ಅಲ್ಲಿ ಕಾಣುತ್ತದೆ. ಒಳ್ಳೆಯ ಲ್ಯಾಬ್ ಪ್ರಿಂಟಿನಲ್ಲಿ ಇದು ಎಂದೂ ಸಾಧ್ಯವಾಗುತ್ತಿರಲಿಲ್ಲ.

1969ರಲ್ಲಿ ರಾಬರ್ಟ್ ಸ್ಟ್ರೀಟಿನ ಆರ್ಟ್ಸ್ ಲ್ಯಾಬ್ ಎಂಬ ಕಲಾಕೇಂದ್ರಕ್ಕೆ ಕೋಆಪರೇಟಿವ್ ಸ್ಥಳಾಂತರವಾದ ಮೇಲೆ ವೃತ್ತಿಪರ ಲ್ಯಾಬುಗಳು ಬಳಸುವಂಥ ಪ್ರಿಂಟರ್ ಹಾಗೂ ಪ್ರೊಸೆಸಿಂಗ್ ಯಂತ್ರ ಅಲ್ಲಿಗೆ ಬಂದವು. ಯಂತ್ರ ಉತ್ತಮವಾಯಿತು, ಆದರೆ ಅದನ್ನು ಬಳಸುವ ರೀತಿ ಕೈಯಲ್ಲಿ ಕಟ್ಟಿದ ಯಂತ್ರ ಕಲಿಸಿದ್ದಾಗಿತ್ತು. ‘ಬರ್ಲಿನ್ ಹಾರ್ಸ್’ (1970) ಚಿತ್ರದಲ್ಲಿ ಲೆ ಗ್ರೀಸ್, ಜರ್ಮನಿಯ ಹಳ್ಳಿಯೊಂದರಲ್ಲಿ 8 ಎಂಎಂನಲ್ಲಿ ತೆಗೆದ ಕುದುರೆಯ ಓಟವನ್ನು ತೆರೆಯಿಂದ 16 ಎಂಎಂಗೆ ಮತ್ತೆ ಚಿತ್ರೀಕರಿಸಿ, ಆ ಕಪ್ಪು-ಬಿಳುಪಿನ ಪಾಸಿಟಿವ್ ಮತ್ತು ನೆಗೆಟಿವ್‌ಗಳನ್ನು ಬಣ್ಣದ ಫಿಲ್ಟರುಗಳ ಮೂಲಕ ಬಣ್ಣದ ಫಿಲ್ಮಿನ ಮೇಲೆ ಒಂದರ ಮೇಲೊಂದು ಮುದ್ರಿಸಿದರು. ಕ್ಯಾಮೆರಾದ ಮುಂದೆ ಇಲ್ಲದ ಬಣ್ಣಗಳು ಪ್ರಿಂಟರಿನಲ್ಲಿ ಹುಟ್ಟಿ, ಕುದುರೆ ತನ್ನದೇ ನೆರಳಿನೊಳಗಿಂದ ಉರಿಯುತ್ತ ಸುತ್ತುತ್ತದೆ.

ಅದೇ ಕೋಆಪರೇಟಿವ್‌ನ ಅನಬೆಲ್ ನಿಕಲ್ಸನ್ ಇನ್ನೂ ಮುಂದೆ ಹೋದರು. ‘ಸ್ಲೈಡ್ಸ್’ (1971) ಚಿತ್ರಕ್ಕಾಗಿ ಅವರು 35 ಎಂಎಂ ಸ್ಲೈಡುಗಳನ್ನು ಪಟ್ಟಿಗಳಾಗಿ ಕತ್ತರಿಸಿದರು. ಸೂಜಿದಾರದಲ್ಲಿ ಹೊಲಿದ ಫಿಲ್ಮ್, ಬೆಳಕು ಸೋರಿ ಕೆಟ್ಟ ಫಿಲ್ಮ್, 8 ಮತ್ತು 16 ಎಂಎಂ ಚೂರುಗಳು, ಇವೆಲ್ಲವನ್ನೂ ಫಿಲ್ಮಿಗೆ ಫಿಲ್ಮ್ ತಾಗಿಸಿ ಮುದ್ರಿಸುವ ಕಾಂಟ್ಯಾಕ್ಟ್ ಪ್ರಿಂಟರಿನ ಕಿಂಡಿಯ ಮುಂದೆ ಕೈಯಿಂದಲೇ ಎಳೆದರು. ಎಳೆತ ನಿಧಾನವಾದಾಗ ಚಿತ್ರ ಒಂದು ಕ್ಷಣ ನಿಲ್ಲುತ್ತದೆ, ಬೆರಳು ಅವಸರಪಟ್ಟಾಗ ಬಣ್ಣವಾಗಿ ಹರಡುತ್ತದೆ. ಹಲ್ಲಿನ ಚಕ್ರದ ಲಯದ ಬದಲು ಮಣಿಕಟ್ಟಿನ ಲಯ ತೆರೆಯ ಮೇಲೆ ಕಾಣುವುದು ನನ್ನಂಥ ಹಳೆಯ ಪ್ರಿಂಟಿಂಗ್ ಕೆಲಸಗಾರನ ಮೈನವಿರೇಳಿಸುವ ಸಂಗತಿ.

ಇನ್ನು ಪ್ರೊಜೆಕ್ಟರೊಂದು ಪ್ರಿಂಟರ್ ಆಗುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಭಾಗ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ, ಆದರೆ ಎಲ್ಲ ಸೊಗಸೂ ಇರುವುದು ಇಲ್ಲಿಯೇ. 16 ಎಂಎಂ ಪ್ರೊಜೆಕ್ಟರಿನ ಗೇಟಿನಲ್ಲಿ, ಎಂದರೆ ಫಿಲ್ಮ್ ಬೆಳಕಿನ ಮುಂದೆ ನಿಲ್ಲುವ ಕಿಂಡಿಯಲ್ಲಿ, ಒಂದು ಕೊಕ್ಕೆ ಫಿಲ್ಮಿನ ರಂಧ್ರಕ್ಕೆ ಸಿಕ್ಕಿಕೊಂಡು ಒಂದು ಫ್ರೇಮಿನಷ್ಟು ಕೆಳಗೆಳೆಯುತ್ತದೆ, ಆ ಹೊತ್ತಿನಲ್ಲಿ ಶಟರ್ ಬೆಳಕನ್ನು ತಡೆಯುತ್ತದೆ, ಫಿಲ್ಮ್ ನಿಂತ ಮೇಲೆ ಬೆಳಕು ಹಾಯುತ್ತದೆ. ಇದೇ ಗೇಟಿನಲ್ಲಿ ಒಂದರ ಬದಲು ಎರಡು ಫಿಲ್ಮುಗಳನ್ನು, ದೀಪದ ಕಡೆಗೆ ಮುದ್ರಿಸಬೇಕಾದ ಮೂಲವನ್ನೂ ಅದರಾಚೆಗೆ ಕಚ್ಚಾ ಫಿಲ್ಮನ್ನೂ ಇಟ್ಟರೆ, ಪ್ರೊಜೆಕ್ಟರು ಒಂದೊಂದೇ ಫ್ರೇಮನ್ನು ಮುದ್ರಿಸುವ ಸ್ಟೆಪ್ ಪ್ರಿಂಟರ್ ಆಗುತ್ತದೆ. ಎರಡರ ಎಮಲ್ಷನ್ ಮುಖಗಳೂ, ಎಂದರೆ ಬೆಳಕಿಗೆ ಸ್ಪಂದಿಸುವ ಲೇಪವಿರುವ ಮಗ್ಗುಲುಗಳು, ಪರಸ್ಪರ ತಾಗಿಕೊಂಡಿರಬೇಕು. ನಡುವೆ ಫಿಲ್ಮಿನ ಪ್ಲಾಸ್ಟಿಕ್ ಮೈ ಬಂದರೆ ಬೆಳಕು ಅಲ್ಲಿ ಹರಡಿ ಚಿತ್ರ ಮಸುಕಾಗುತ್ತದೆ. ಹೀಗೆ ಮುದ್ರಿಸಿದಾಗ ಪ್ರಿಂಟಿನ ಎಡಬಲ ಮೂಲಕ್ಕೆ ಕನ್ನಡಿಯಂತೆ ತಿರುಗಿಬಿಡುವುದರಿಂದ ಅದನ್ನು ಪ್ರೊಜೆಕ್ಟರಿನಲ್ಲಿ ಮಗ್ಗಲು ಬದಲಿಸಿ ಹಾಕಬೇಕು, ಆಗ ಫೋಕಸ್ಸನ್ನೂ ಕೂದಲೆಳೆಯಷ್ಟು ತಿದ್ದಿಕೊಳ್ಳಬೇಕು.

ಗೇಟನ್ನು ಒಂದು ಫಿಲ್ಮಿನ ದಪ್ಪಕ್ಕೆಂದು ಮಾಡಿರುತ್ತಾರೆ. ಫಿಲ್ಮಿನ ದಪ್ಪ ಸುಮಾರು 0.15 ಮಿಲಿಮೀಟರ್, ಎರಡಕ್ಕೆ 0.3 ಮಿಲಿಮೀಟರ್ ಜಾಗ ಬೇಕು. ಹಾಗಾಗಿ ಒತ್ತುಪಟ್ಟಿಯ ಸ್ಪ್ರಿಂಗನ್ನು ಸಡಿಲಿಸಬೇಕು, ಆದರೆ ಎರಡೂ ಫಿಲ್ಮುಗಳು ಬಿಟ್ಟುಕೊಳ್ಳುವಷ್ಟು ಸಡಿಲಿಸಬಾರದು. ಮಸೂರವನ್ನು ತೆಗೆದುಬಿಡಬಹುದು, ಅದರ ಕೆಲಸ ಇಲ್ಲಿಲ್ಲ. ಮೂಲ ದೀಪವನ್ನಂತೂ ಖಂಡಿತ ತೆಗೆಯಬೇಕು: ದೊಡ್ಡ ಕೋಣೆಯ ತೆರೆ ಬೆಳಗಬೇಕಾದ ನೂರಾರು ವ್ಯಾಟ್‌ಗಳ ದೀಪದ ಎದುರು ಕಚ್ಚಾ ಫಿಲ್ಮ್ ಇಟ್ಟರೆ ಎಲ್ಲವೂ ಕಪ್ಪಾಗುತ್ತದೆ. ಟಾರ್ಚಿನ ಬಲ್ಬಿನಷ್ಟು ಬೆಳಕು, ಅದರ ಮುಂದೆ ಬೆಳಕನ್ನು ಸಮವಾಗಿ ಹರಡುವ ಹಾಲುಬಿಳುಪಿನ ಗಾಜು, ಇಷ್ಟು ಸಾಕು. ಈಗಿನವರು ಎಲ್‌ಇಡಿ ಬಳಸುತ್ತಾರೆ. ಕೊಡಕ್‌ನ 3302 ಎಂಬ ಕಪ್ಪು-ಬಿಳುಪು ಪ್ರಿಂಟ್ ಫಿಲ್ಮ್ ನೀಲಿ ಬೆಳಕಿಗಷ್ಟೇ ಸ್ಪಂದಿಸುವುದರಿಂದಲೂ, ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚಿರುವುದರಿಂದಲೂ ಅವೆರಡಕ್ಕೂ ಚೆನ್ನಾಗಿ ಹೊಂದುತ್ತದೆ. ಕೆಂಪು ಬೆಳಕು ಈ ಫಿಲ್ಮಿಗೆ ತಾಗದ ಕಾರಣ ಕೋಣೆಯಲ್ಲಿ ಕೆಂಪು ಸೇಫ್‌ಲೈಟ್ ಹಚ್ಚಿಕೊಂಡು ಕೈಗೆ ಕಣ್ಣಿನ ನೆರವು ಪಡೆಯಬಹುದು. ದೊಡ್ಡ ಲ್ಯಾಬಿನಲ್ಲಿ ಬಣ್ಣದ ಪಾಸಿಟಿವ್ ಜೊತೆ ಮಂದವಾದ ಬೆಳಕಿನಲ್ಲಿ ತಡಕಾಡುತ್ತ ಕೆಲಸ ಮಾಡಿದವನಿಗೆ ಇದೊಂದು ಐಶ್ವರ್ಯ.

ಎರಡು ಫಿಲ್ಮಿಗೆ ಎರಡು ಜೊತೆ ರೀಲುಗಳು ಬೇಕು. ಪ್ರೊಜೆಕ್ಟರಿನಲ್ಲಿ ಇರುವುದು ಒಂದೇ ಜೊತೆ. ಹೀಗಾಗಿ ಮರದ ಹಲಗೆಯೊಂದನ್ನು ಹಿಂದೆ ನಿಲ್ಲಿಸಿ, ಅದರ ಮೇಲೆ ಹೆಚ್ಚುವರಿ ಅಚ್ಚುಗಳನ್ನೂ ಉರುಳೆಗಳನ್ನೂ ಕೂರಿಸುವುದು ವಾಡಿಕೆ. ಮೋಟಾರನ್ನು ನಿಧಾನಗೊಳಿಸಬೇಕು, ಇಲ್ಲವೇ ಫ್ರೇಮ್ ಸರಿಸುವ ಗುಬ್ಬಿಯನ್ನು ಕೈಯಲ್ಲಿ ತಿರುಗಿಸಬೇಕು. 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮುಗಳು. ಸೆಕೆಂಡಿಗೆ 24ರಂತೆ ಓಡಿಸಿದರೆ 100 ಅಡಿಯ ರೀಲು ಮೂರು ನಿಮಿಷವೂ ಬರುವುದಿಲ್ಲ. ಅಷ್ಟನ್ನು ಕೈಯಲ್ಲಿ ತಿರುಗಿಸುವುದು ಅಸಾಧ್ಯವೇನಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಮೆರಾಗೆ ಹಾಕುವ 16 ಎಂಎಂ ಫಿಲ್ಮಿನಲ್ಲಿ ಒಂದು ರಂಧ್ರದಿಂದ ಮುಂದಿನ ರಂಧ್ರಕ್ಕೆ 7.605 ಮಿಲಿಮೀಟರ್ ಅಂತರ. ಪ್ರಿಂಟ್ ಫಿಲ್ಮಿನಲ್ಲಿ 7.62. ಈ ವ್ಯತ್ಯಾಸ ಬೇಕೆಂದೇ ಇಟ್ಟದ್ದು. ಲ್ಯಾಬಿನ ನಿರಂತರ ಪ್ರಿಂಟರಿನಲ್ಲಿ ಎರಡೂ ಫಿಲ್ಮುಗಳು ದೊಡ್ಡ ಹಲ್ಲಿನ ಚಕ್ರವೊಂದನ್ನು ಸುತ್ತಿಕೊಂಡು ಹೋಗುತ್ತವೆ. ಒಳಗಿರುವ ನೆಗೆಟಿವ್ ಕ್ರಮಿಸುವ ಸುತ್ತು ಚಿಕ್ಕದು, ಹೊರಗಿರುವ ಪಾಸಿಟಿವ್ ಕ್ರಮಿಸುವ ಸುತ್ತು ದೊಡ್ಡದು. ಅಂತರ ಒಂದೇ ಆಗಿದ್ದರೆ ಒಂದು ಇನ್ನೊಂದರ ಮೇಲೆ ಜಾರಿ ಚಿತ್ರ ಉಜ್ಜಿದಂತಾಗುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಭಾಗದ ಈ ಲೆಕ್ಕ ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು. ಆದರೆ ಪ್ರೊಜೆಕ್ಟರಿನಿಂದ ಮಾಡಿದ ಪ್ರಿಂಟರಿಗೆ ಇದರ ಹಂಗು ಕಡಿಮೆ. ಗೇಟು ಚಪ್ಪಟೆಯಾಗಿರುವುದರಿಂದ, ಕೊಕ್ಕೆ ಪ್ರತಿ ಫ್ರೇಮಿಗೂ ಹೊಸದಾಗಿ ರಂಧ್ರವನ್ನು ಹಿಡಿಯುವುದರಿಂದ, ಸಣ್ಣ ವ್ಯತ್ಯಾಸಗಳು ಗೇಟಿನ ಮೇಲೂ ಕೆಳಗೂ ಇರುವ ಕುಣಿಕೆಗಳಲ್ಲಿ ಕರಗಿಹೋಗುತ್ತವೆ. ವಯಸ್ಸಾಗಿ ಕುಗ್ಗಿದ ಹಳೆಯ ಫಿಲ್ಮುಗಳನ್ನು ನಕಲು ಮಾಡಲು ಅಭಿಲೇಖಾಲಯಗಳು ಸ್ಟೆಪ್ ಪ್ರಿಂಟರನ್ನೇ ಬಯಸುವುದು ಇದೇ ತತ್ವದ ಮೇಲೆ.

ಕಾಂಟ್ರಾಸ್ಟ್, ಎಂದರೆ ಕಪ್ಪು-ಬಿಳುಪಿನ ನಡುವಣ ಅಂತರದ ಬಗ್ಗೆಯೂ ಒಂದು ಮಾತು. ನೆಗೆಟಿವ್ ಫಿಲ್ಮ್ ಮೃದು ಸ್ವಭಾವದ್ದು, ಅದರ ಗಾಮಾ (ಕಾಂಟ್ರಾಸ್ಟಿನ ಅಳತೆ) ಸುಮಾರು 0.65, ಪ್ರಿಂಟ್ ಫಿಲ್ಮ್ ಕಠಿಣ, ಅದರ ಗಾಮಾ 2.5ರ ಆಸುಪಾಸು. ಎರಡೂ ಸೇರಿ ಕಣ್ಣಿಗೆ ಹಿತವಾದ ಚಿತ್ರ ಬರುತ್ತದೆ. ಆದರೆ ಪ್ರಯೋಗಶೀಲರ ಕೈಗೆ ಸಿಗುತ್ತಿದ್ದದ್ದು ಅನೇಕ ವೇಳೆ ಯಾರೋ ಬಿಸಾಕಿದ ಪಾಸಿಟಿವ್ ಪ್ರಿಂಟೇ. ಅದನ್ನು ಮತ್ತೊಂದು ಪ್ರಿಂಟ್ ಫಿಲ್ಮಿಗೆ ಇಳಿಸಿದರೆ ಕಠಿಣವು ಕಠಿಣದಿಂದ ಗುಣಿಸಿಕೊಂಡು, ಬೂದು ಬಣ್ಣಗಳೆಲ್ಲ ಮಾಯವಾಗಿ ಕಡುಗಪ್ಪು ಮತ್ತು ಬರಿ ಬಿಳುಪು ಉಳಿಯುತ್ತವೆ. ಈ ಬಗೆಯ ಚಿತ್ರಗಳಲ್ಲಿ ಎದ್ದು ಕಾಣುವ ಸುಟ್ಟಂಥ ಬಿಳುಪಿನ ಮೂಲ ಬಹುಮಟ್ಟಿಗೆ ಇಲ್ಲಿದೆ.

ಧ್ವನಿಯೂ ಪ್ರಿಂಟರಿನಿಂದ ಹುಟ್ಟಬಲ್ಲದು. 16 ಎಂಎಂ ಪ್ರಿಂಟಿನ ಒಂದು ಅಂಚಿನಲ್ಲಿ ಧ್ವನಿಪಟ್ಟಿ ಇರುತ್ತದೆ, ಅದು ತನ್ನ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ. ಲ್ಯಾಬಿನ ಪ್ರಿಂಟರು ಚಿತ್ರದ ಬೆಳಕು ಆ ಅಂಚಿಗೆ ಚೆಲ್ಲದಂತೆ ತಡೆಹಿಡಿಯುತ್ತದೆ. ಮನೆಯ ಪ್ರಿಂಟರಿನ ಕಿಂಡಿಯನ್ನು ಅಂಚಿನವರೆಗೂ ಅಗಲಿಸಿದರೆ ಚಿತ್ರವೇ ಧ್ವನಿಪಟ್ಟಿಯ ಜಾಗಕ್ಕೂ ಹರಿದು, ಪ್ರೊಜೆಕ್ಟರಿನಲ್ಲಿ ಸದ್ದಾಗಿ ಕೇಳಿಸುತ್ತದೆ. ಕಂಡದ್ದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನ ಬಳಿಕ ಕೇಳುತ್ತದೆ. ಲಂಡನ್ ಗುಂಪಿನ ಲಿಸ್ ರೋಡ್ಸ್ ‘ಡ್ರೆಸ್ಡೆನ್ ಡೈನಮೊ’ದಲ್ಲಿ ಕ್ಯಾಮೆರಾವನ್ನೇ ಬಿಟ್ಟು, ಪಾರದರ್ಶಕ ಫಿಲ್ಮಿನ ಮೇಲೆ ಅಂಟಿಸುವ ಅಚ್ಚಿನ ಚುಕ್ಕೆ ಗೆರೆಗಳನ್ನು ಹಾಕಿ, ಫಿಲ್ಟರುಗಳ ಮೂಲಕ ಬಣ್ಣ ಕೊಟ್ಟು ಮುದ್ರಿಸಿದರು. ಅದೇ ಚುಕ್ಕೆ ಗೆರೆಗಳು ಧ್ವನಿಪಟ್ಟಿಯಲ್ಲೂ ಇರುವುದರಿಂದ ನೋಡುವ ವಿನ್ಯಾಸವನ್ನೇ ನಾವು ಕೇಳುತ್ತೇವೆ.

ಯಂತ್ರವೇ ಇಲ್ಲದ ಪ್ರಿಂಟರೂ ಇದೆ. ವಿಯೆನ್ನಾದ ಪ್ರಯೋಗಶೀಲ ಚಿತ್ರಕಾರ ಪೀಟರ್ ಚೆರ್ಕಾಸ್ಕಿಯವರ ಬಳಿ ಇರುವುದು ಸುಮಾರು ಒಂದು ಮೀಟರ್ ಉದ್ದದ ಹಲಗೆ. ಅದರಲ್ಲಿ ಫಿಲ್ಮಿನ ರಂಧ್ರಗಳಿಗೆ ಸರಿಯಾಗಿ ಸಣ್ಣ ಮೊಳೆಗಳು. ಡಾರ್ಕ್‌ರೂಮಿನಲ್ಲಿ 35 ಎಂಎಂ ಕಚ್ಚಾ ಫಿಲ್ಮಿನ 48 ಫ್ರೇಮುಗಳನ್ನು, ಎಂದರೆ ತೆರೆಯ ಮೇಲಿನ ಎರಡು ಸೆಕೆಂಡುಗಳನ್ನು, ಆ ಮೊಳೆಗಳಿಗೆ ಸಿಕ್ಕಿಸಿ, ಅದರ ಮೇಲೆ ಹಳೆಯ ಚಿತ್ರವೊಂದರ ಪ್ರಿಂಟನ್ನು ಹಾಸಿ ಬೆಳಕು ಕೊಡುತ್ತಾರೆ. ಲೇಸರ್ ಪಾಯಿಂಟರನ್ನು ಕೈಯಲ್ಲಿ ಹಿಡಿದು ಫ್ರೇಮಿನ ಯಾವುದೋ ಮೂಲೆಯಲ್ಲಿರುವ ಮುಖವನ್ನೋ ಬಾಗಿಲನ್ನೋ ಮಾತ್ರ ಸವರಿ, ಉಳಿದದ್ದನ್ನು ಕತ್ತಲಲ್ಲೇ ಬಿಡುತ್ತಾರೆ. ಬಳಿಕ ಬೇರೊಂದು ಪಟ್ಟಿಯನ್ನು ಹಾಸಿ, ಹಿಂದೆ ಬಿಟ್ಟಿದ್ದ ಕತ್ತಲೆಯೊಳಗೆ ಅದರ ಭಾಗಗಳನ್ನು ತುಂಬುತ್ತಾರೆ. ಹೀಗೆ ಪದರದ ಮೇಲೆ ಪದರ. 1999ರ ‘ಔಟರ್ ಸ್ಪೇಸ್’ ಸುಮಾರು ಹತ್ತು ನಿಮಿಷದ ಚಿತ್ರ. ಲೆಕ್ಕ ಹಾಕಿದರೆ ಅಂಥ 300 ಹಲಗೆಯುದ್ದಗಳು, ಪ್ರತಿಯೊಂದರ ಮೇಲೂ ಹಲವು ಪದರಗಳು. 1980ರ ದಶಕದ ಹಾಲಿವುಡ್ ಭೀತಿಚಿತ್ರವೊಂದು ಅದರ ಮೂಲ. ಮನೆಯೊಂದರಲ್ಲಿ ಒಂಟಿಯಾಗಿರುವ ಹೆಣ್ಣಿನ ಮೇಲೆ ಮೂಲದಲ್ಲಿ ಕಣ್ಣಿಗೆ ಕಾಣದ ಶಕ್ತಿ ಎರಗುತ್ತದೆ; ಚೆರ್ಕಾಸ್ಕಿಯವರಲ್ಲಿ ಫಿಲ್ಮೇ ಎರಗುತ್ತದೆ. ರಂಧ್ರಗಳು ಚಿತ್ರದೊಳಕ್ಕೆ ನುಗ್ಗುತ್ತವೆ, ಧ್ವನಿಪಟ್ಟಿ ಮುಖದ ಮೇಲೆ ಹಾಯುತ್ತದೆ, ಮುಖ ಐದಾರಾಗಿ ಒಡೆಯುತ್ತದೆ. ನಾವು ಅಂಚಿನಲ್ಲಿ ಅಡಗಿಸಿಡುತ್ತಿದ್ದ ಎಲ್ಲವೂ ಇಲ್ಲಿ ಪಾತ್ರಗಳು. ಎರಡು ಸೆಕೆಂಡಿಗೊಂದು ಸಲ ಮೊಳೆಗೆ ಫಿಲ್ಮ್ ಸಿಕ್ಕಿಸುತ್ತ ಅಷ್ಟು ದೂರ ನಡೆದ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಈ ದಾರಿಯ ಹಿರಿಯ ಕಲಾವಿದ ಮ್ಯಾನ್ ರೇ. 1923ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಕಚ್ಚಾ ಫಿಲ್ಮಿನ ಮೇಲೆ ಉಪ್ಪು, ಮೆಣಸಿನಪುಡಿ, ಗುಂಡುಸೂಜಿ, ಮೊಳೆಗಳನ್ನು ಚೆಲ್ಲಿ ಕ್ಷಣಕಾಲ ಬೆಳಕು ಹಾಯಿಸಿದ್ದರು. ಅಮೆರಿಕದ ಪ್ರಯೋಗಶೀಲ ಚಿತ್ರಕಾರ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಪತಂಗದ ರೆಕ್ಕೆಗಳನ್ನೂ ಎಲೆಗಳನ್ನೂ ಪಾರದರ್ಶಕ ಟೇಪಿನ ನಡುವೆ ಅಂಟಿಸಿ ಮಾಡಿದ ಪಟ್ಟಿಯನ್ನು ಲ್ಯಾಬಿನಲ್ಲಿ ಮುದ್ರಿಸಿದ್ದರಿಂದಲೇ ಅದು ಮತ್ತೆ ಮತ್ತೆ ತೋರಿಸಬಲ್ಲ ಚಿತ್ರವಾಗಿ ಉಳಿದಿದೆ.

ಆಪ್ಟಿಕಲ್ ಪ್ರಿಂಟರ್ ಇನ್ನೊಂದು ಜಾತಿ. ಒಂದು ಪ್ರೊಜೆಕ್ಟರ್ ಮತ್ತು ಒಂದು ಕ್ಯಾಮೆರಾವನ್ನು ಎದುರುಬದುರು ಕೂರಿಸಿ, ನಡುವೆ ಮಸೂರವಿಟ್ಟು, ಫ್ರೇಮಿಗೆ ಫ್ರೇಮ್ ಮರುಚಿತ್ರೀಕರಿಸುವುದು ಅದರ ಕೆಲಸ. ನಮ್ಮ ಚಿತ್ರರಂಗದಲ್ಲಿ ಫೇಡ್, ಡಿಸಾಲ್ವ್, ಟೈಟಲ್ಲುಗಳೆಲ್ಲ ‘ಆಪ್ಟಿಕಲ್ಸ್’ ಎಂಬ ಒಂದೇ ಹೆಸರಿನಡಿ ಈ ಯಂತ್ರಕ್ಕೆ ಹೋಗುತ್ತಿದ್ದವು. 1940ರ ದಶಕದಲ್ಲಿ ಹಾಲಿವುಡ್ಡಿನ ಲಿನ್‌ವುಡ್ ಡನ್ ವಿನ್ಯಾಸಗೊಳಿಸಿದ ಮಾದರಿ ಕಾರ್ಖಾನೆಯ ಯಂತ್ರದಷ್ಟು ಭಾರಿಯಾದದ್ದು, ಬೆಲೆಯೂ ಹಾಗೆಯೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಯಾಕೊ ಕುರ್ಹಿ ತಯಾರಿಸಿದ ಜೆಕೆ ಪ್ರಿಂಟರ್ ಇದನ್ನು ಮೇಜಿನ ಮೇಲಿಡಬಹುದಾದ ಅಳತೆಗೂ ಕಲಾಶಾಲೆಗಳು ಕೊಳ್ಳಬಹುದಾದ ಬೆಲೆಗೂ ಇಳಿಸಿತು. ಅದೂ ಎಟುಕದವರು ಹಳೆಯ ಪ್ರೊಜೆಕ್ಟರು, ಬೋಲೆಕ್ಸ್ ಕ್ಯಾಮೆರಾ, ಫೋಟೊ ಎನ್‌ಲಾರ್ಜರಿನ ಮಸೂರ ಹಾಗೂ ಚರ್ಮದ ಬೆಲ್ಲೋಸ್‌ಗಳನ್ನು ಗಟ್ಟಿ ಹಲಗೆಯ ಮೇಲೆ ಜೋಡಿಸಿ ತಾವೇ ಕಟ್ಟಿಕೊಂಡರು. ಇಲ್ಲಿ ಸವಾಲುಗಳು ಬೇರೆ. ಫ್ರೇಮನ್ನು ಅದರದೇ ಅಳತೆಯಲ್ಲಿ ಸೆರೆಹಿಡಿಯಲು ಮಸೂರವು ಎರಡೂ ಫಿಲ್ಮುಗಳಿಂದ ತನ್ನ ನಾಭಿದೂರದ ಎರಡು ಪಟ್ಟು ದೂರದಲ್ಲಿರಬೇಕು, ಆಗ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ಫ್ರೇಮ್ ಗೇಟಿನಲ್ಲಿ ಬಹಳ ಹೊತ್ತು ನಿಲ್ಲುವುದರಿಂದ ದೀಪದ ಶಾಖಕ್ಕೆ ಅದು ಬಾಗಬಾರದು. ಹಲಗೆ ನಡುಗಬಾರದು, ರಸ್ತೆಯಲ್ಲಿ ಲಾರಿ ಹಾದರೂ ಚಿತ್ರದಲ್ಲಿ ತಿಳಿಯುತ್ತದೆ. ಇದಕ್ಕೆ ಪ್ರತಿಫಲವಾಗಿ ಕಾಲದ ಮೇಲೆ ಹಿಡಿತ ಸಿಗುತ್ತದೆ: ಒಂದು ಫ್ರೇಮನ್ನು ನಿಲ್ಲಿಸಬಹುದು, ಮೂರು ಸಲ ಮುದ್ರಿಸಿ ಓಟವನ್ನು ಹಿಗ್ಗಿಸಬಹುದು, ಹಿಂದೆ ಮುಂದೆ ತೂಗಬಹುದು, ಮೂಲೆಯೊಂದನ್ನು ತೆರೆಯ ತುಂಬ ಹಿಗ್ಗಿಸಬಹುದು. ಅಮೆರಿಕದ ಚಿತ್ರಕಾರ ಕೆನ್ ಜೇಕಬ್ಸ್ 1905ರ ಕಿರುಚಿತ್ರವೊಂದನ್ನು ಪ್ರೊಜೆಕ್ಟರು ಹಾಗೂ ತೆರೆಯ ನೆರವಿನಿಂದಲೇ ಮರುಚಿತ್ರೀಕರಿಸಿ, ಅದರ ಹತ್ತು ನಿಮಿಷವನ್ನು ಎರಡು ಗಂಟೆಯ ಹತ್ತಿರಕ್ಕೆ ಒಯ್ದದ್ದು ಈ ಹಿಡಿತದ ದೊಡ್ಡ ಉದಾಹರಣೆ. ಈಗ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ನಿಯಂತ್ರಣ ಫಲಕಗಳು ಕ್ಯಾಮೆರಾ ಮತ್ತು ಪ್ರೊಜೆಕ್ಟರುಗಳ ಮೋಟಾರನ್ನು ಫ್ರೇಮಿನ ಲೆಕ್ಕದಲ್ಲಿ ನಡೆಸುತ್ತವೆ, ಬಿಡಿಭಾಗಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಳ್ಳುತ್ತಾರೆ.

2011ರಲ್ಲಿ ಲಂಡನ್ನಿನ ಸೊಹೊ ಪ್ರದೇಶದ ಲ್ಯಾಬೊಂದು 16 ಎಂಎಂ ಪ್ರಿಂಟಿಂಗನ್ನು ನಿಲ್ಲಿಸಿದಾಗ ಕಲಾವಿದೆ ಟಸಿಟಾ ಡೀನ್ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. 2013ರಲ್ಲಿ ಫ್ಯೂಜಿ ಕಂಪನಿ ಸಿನಿಮಾ ಚಿತ್ರೀಕರಣದ ಫಿಲ್ಮಿನ ತಯಾರಿಕೆಯಿಂದ ಹಿಂದೆ ಸರಿಯಿತು. ಮುಚ್ಚಿದ ಲ್ಯಾಬುಗಳ ಯಂತ್ರಗಳು ಎಲ್ಲಿಗೆ ಹೋದವೆಂಬುದು ನನ್ನಂಥವರಿಗೆ ನೋವಿನ ಪ್ರಶ್ನೆ. ಬಹಳಷ್ಟು ಕಬ್ಬಿಣದ ತೂಕಕ್ಕೆ ಮಾರಾಟವಾದವು. ಆದರೆ ಕೆಲವನ್ನು ಕಲಾವಿದರೇ ಹೊತ್ತೊಯ್ದರು. ಗ್ರೆನೋಬಲ್‌ನ ಎಂಟಿಕೆ, ಪ್ಯಾರಿಸ್ ಹೊರವಲಯದಲ್ಲಿ 1996ರಲ್ಲಿ ಆರಂಭವಾದ ಲಬೊಮಿನಾಬ್ಲ್, ಬರ್ಲಿನ್ನಿನ ಲಾಬೋರ್‌ಬರ್ಲಿನ್, ಸೋಲ್‌ನ ಸ್ಪೇಸ್ ಸೆಲ್, ಹೀಗೆ ಚಿತ್ರಕಾರರೇ ನಡೆಸುವ ಲ್ಯಾಬುಗಳು ಒಂದಕ್ಕೊಂದು ನೆರವಾಗುತ್ತ, ಬಿಡಿಭಾಗಗಳನ್ನೂ ರಾಸಾಯನಿಕ ಪಾಕಗಳನ್ನೂ ಹಂಚಿಕೊಳ್ಳುತ್ತ ನಡೆದಿವೆ. ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ಹೋಗುವುದು ಜಕಾರ್ತದ ಲ್ಯಾಬ್ ಲಾಬಾ-ಲಾಬಾದ ಕಡೆಗೆ. ಇಂಡೋನೇಷ್ಯಾದ ಸರ್ಕಾರಿ ಚಿತ್ರಸಂಸ್ಥೆಯ ಪಾಳುಬಿದ್ದ ಲ್ಯಾಬಿನಲ್ಲಿ ಯುವಕ ಯುವತಿಯರು ಹಳೆಯ ಯಂತ್ರಗಳನ್ನು ಒರೆಸಿ, ಬಿಚ್ಚಿ, ಮತ್ತೆ ಜೋಡಿಸಿ ಓಡಿಸಿದರು. ಯೂರೋಪಿನ ಅನುಕೂಲಗಳಿಲ್ಲದ, ನಮ್ಮಂಥದ್ದೇ ಸೆಕೆಯೂ ತೇವವೂ ಇರುವ ಊರಿನಲ್ಲಿ ಇದು ನಡೆದಿದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಮೂಲವಸ್ತು ಇಲ್ಲದೆ ಇಲ್ಲ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗಳಿಗೆ ಒಯ್ದದ್ದು 16 ಎಂಎಂ ಪ್ರೊಜೆಕ್ಟರಿನ ಮೂಲಕ. ವಾರ್ತಾ ಇಲಾಖೆಯ ವ್ಯಾನುಗಳು, ಕಾಲೇಜುಗಳು, ಫಿಲ್ಮ್ ಸೊಸೈಟಿಗಳು ಬಳಸಿದ್ದೂ ಅವನ್ನೇ. ಅವುಗಳಲ್ಲಿ ಅನೇಕ ಈಗಲೂ ಉಗ್ರಾಣಗಳಲ್ಲಿ, ಬೀರುಗಳ ಹಿಂದೆ ಇರಬೇಕು. ದೀಪ ಹೋಗಿದ್ದರೂ, ಧ್ವನಿ ಸತ್ತಿದ್ದರೂ ಗೇಟು ಮತ್ತು ಕೊಕ್ಕೆ ನೆಟ್ಟಗಿದ್ದರೆ ಪ್ರಿಂಟರಿಗೆ ಅಷ್ಟು ಸಾಕು. ಆದ್ದರಿಂದ ಅಂಥದ್ದೊಂದು ಕಣ್ಣಿಗೆ ಬಿದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಪ್ರೊಜೆಕ್ಟರ್ ಸಿಗುವವರೆಗೆ ಹಲಗೆಯಿಂದ ಶುರುಮಾಡಬಹುದು. 16 ಎಂಎಂಗೆ ಒಂದು ಮೀಟರ್ ಹಲಗೆಯಲ್ಲಿ 131 ಫ್ರೇಮುಗಳು ಹಿಡಿಯುತ್ತವೆ, ತೆರೆಯ ಮೇಲೆ ಅದು ಐದೂವರೆ ಸೆಕೆಂಡಿನ ಹತ್ತಿರ. ತೆಳುವಾದ ಮೊಳೆಗಳು, ಕೆಂಪು ಬಲ್ಬು, ಸಣ್ಣ ಟಾರ್ಚು, ಮೇಲೆ ಒತ್ತಿಡಲು ಚೊಕ್ಕಟವಾದ ಗಾಜಿನ ಪಟ್ಟಿ, ಒಂದು ಹಳೆಯ ಪ್ರಿಂಟಿನ ತುಂಡು ಮತ್ತು 3302 ಫಿಲ್ಮ್ ಇದ್ದರೆ ಮೊದಲ ಪ್ರಿಂಟನ್ನು ಒಂದೇ ರಾತ್ರಿಯಲ್ಲಿ ತೆಗೆಯಬಹುದು. ಮೊಳೆಗಳ ಅಂತರವನ್ನು ಮಾತ್ರ ಅಳತೆಪಟ್ಟಿಯಿಂದ ಗುರುತಿಸಬೇಡಿ. ಬಳಸಲಿರುವ ಫಿಲ್ಮನ್ನೇ ಹಲಗೆಯ ಮೇಲೆ ಎಳೆದು ಹಾಸಿ, ಅದರ ರಂಧ್ರಗಳ ಮೂಲಕವೇ ಗುರುತು ಹಾಕಿಕೊಳ್ಳಿ.